ನಿಜವಾದ ಯಂತ್ರದಲ್ಲಿ ಓಡಿಸಿ ನೋಡಿದ್ದೇನೆ

ಬುಧವಾರ ಊಟದ ಬಿಡುವಿನಲ್ಲಿ ಆ ಪತ್ರ ಬಂತು. ನಾನು ಲ್ಯಾಬಿನ ಹಿಂದಿನ ಮೆಟ್ಟಿಲ ಮೇಲೆ ಕೂತು, ಉಗುರಿನ ಸಂದಿಯ ಪ್ಲಾಸ್ಟರ್ ಪುಡಿ ಕೆರೆದುಕೊಳ್ಳುತ್ತ ಫೋನಿನಲ್ಲಿ ಓದಿದೆ.

“ನಮಸ್ಕಾರ. ನಾನು ನೀರು ಶುದ್ಧೀಕರಣ ಘಟಕವೊಂದರಲ್ಲಿ ಆಪರೇಟರ್. ನೀರಿಗೆ ಕ್ಲೋರಿನ್ ಎಷ್ಟು ಬೀಳಬೇಕೆಂದು ನೋಡುವ ನಮ್ಮ ಪ್ಯಾನೆಲ್‌ಗಳಲ್ಲಿ ಇರುವುದು ನೀವು ನೋಡಿಕೊಳ್ಳುವ ಹಳೆಯ ಪ್ರೊಸೆಸರ್. ಭಾನುವಾರ ಹೊರಬರಲಿರುವ ಕರ್ನಲ್‌ನ ಪರೀಕ್ಷಾ ಪ್ರತಿಯನ್ನು ಒಂದು ಸ್ಪೇರ್ ಪ್ಯಾನೆಲ್‌ಗೆ ಹಾಕಿ ನೋಡಿದೆ. ಕ್ಲೋರಿನ್ ಪ್ರೋಗ್ರಾಂ ಹತ್ತು ಸಲ ಶುರುವಾದರೆ ಮೂರು ಸಲ ಅಲ್ಲೇ ಸಾಯುತ್ತದೆ. ಹಳೆಯ ಕರ್ನಲ್‌ನಲ್ಲಿ ಹೀಗಿರಲಿಲ್ಲ. ಪ್ಯಾನೆಲ್ ಕಂಪನಿಯವರು ನೀವು ಬರೆದ ಸಾಲು ತೋರಿಸಿ, ಮೇಂಟೇನರ್ ನಿಜವಾದ ಯಂತ್ರದಲ್ಲಿ ಓಡಿಸಿ ನೋಡಿದ್ದಾರೆ, ತಪ್ಪು ನಿಮ್ಮ ಪ್ಯಾನೆಲ್‌ನದೇ ಅನ್ನುತ್ತಿದ್ದಾರೆ. ಆ ಪ್ಯಾನೆಲ್‌ನ ಒಂದು ಕೆಪಾಸಿಟರನ್ನು ನಾನೇ ಬದಲಿಸಿದ್ದೆ, ಯಾರನ್ನೂ ಕೇಳದೆ. ಅದಕ್ಕೆ ನಮ್ಮ ಮೇಲಧಿಕಾರಿಗಳು ಸೋಮವಾರ ನನ್ನ ಮೇಲೆ ವಿಚಾರಣೆ ಇಟ್ಟಿದ್ದಾರೆ. ನಿಮ್ಮಲ್ಲಿ ಸರಿಯಾಗಿ ಓಡಿತೇ ಎಂದು ದಯವಿಟ್ಟು ತಿಳಿಸಿ.”

ಕೆಳಗೆ ಫೋನ್ ನಂಬರ್ ಇತ್ತು.

ನನ್ನಲ್ಲಿ ಅದು ಓಡಿರಲಿಲ್ಲ. ಓಡುವುದಕ್ಕೆ ಯಂತ್ರವೇ ಇರಲಿಲ್ಲ. ಆ ಪ್ರೊಸೆಸರ್ ಇದ್ದ ನನ್ನ ಯಂತ್ರ ಸತ್ತು ಹನ್ನೊಂದು ತಿಂಗಳಾಗಿತ್ತು. ಮಂಚದ ಕೆಳಗೆ, ಚಳಿಗಾಲದ ಹೊದಿಕೆಗಳ ಪಕ್ಕದಲ್ಲಿ ಬಿದ್ದಿತ್ತು.

ನಾನು ಕೃತಕ ಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರು ರೋಗಿಯ ಬಾಯಿಯ ಅಳತೆ ಕಳಿಸುತ್ತಾರೆ, ನಾನು ಪ್ಲಾಸ್ಟರಿನಲ್ಲಿ ಅಚ್ಚು ಹೊಯ್ದು ಅದರ ಮೇಲೆ ಹಲ್ಲಿನ ಸೆಟ್ ಕೂರಿಸುತ್ತೇನೆ. ಯಾವ ಹಲ್ಲಿನ ಮೇಲೂ ನನ್ನ ಹೆಸರಿರುವುದಿಲ್ಲ. ನನ್ನ ಹೆಸರಿರುವುದು ಒಂದೇ ಕಡೆ: ಲೋಕದ ಯಾರು ಬೇಕಾದರೂ ಬಳಸಬಹುದಾದ ಒಂದು ಕರ್ನಲ್‌ನ ಮೇಂಟೇನರ್‌ಗಳ ಪಟ್ಟಿಯಲ್ಲಿ. ಕರ್ನಲ್ ಎಂದರೆ ಕಂಪ್ಯೂಟರಿನಲ್ಲಿ ಮಿಕ್ಕೆಲ್ಲ ಪ್ರೋಗ್ರಾಂಗಳನ್ನೂ ಎಬ್ಬಿಸಿ ಕೆಲಸಕ್ಕೆ ಹಚ್ಚುವ ಮೂಲ ಪ್ರೋಗ್ರಾಂ. ಪ್ರತಿ ಪ್ರೋಗ್ರಾಂ ಫೈಲಿನ ಮೊದಲಲ್ಲಿ ಅದು ಯಾವ ಪ್ರೊಸೆಸರಿಗೆ ಎಂದು ಹೇಳುವ ಒಂದು ಅಂಕಿ ಇರುತ್ತದೆ. ಕರ್ನಲ್ ಅದನ್ನು ಓದಿ, ಫೈಲಿನ ತುಂಡುಗಳನ್ನು ಮೆಮೊರಿಯಲ್ಲಿ ಎಲ್ಲೆಲ್ಲಿ ಇಡಬೇಕೋ ಅಲ್ಲಲ್ಲಿ ಇಟ್ಟು, ನಡಿ ಎಂದು ಪ್ರೊಸೆಸರಿಗೆ ಹೇಳುತ್ತದೆ. ಈ ಇಡುವ ಕೆಲಸ ಒಂದೊಂದು ಪ್ರೊಸೆಸರಿಗೆ ಒಂದೊಂದು ಥರ. ಆ ಹಳೆಯ ಪ್ರೊಸೆಸರಿನ ಪಾಲಿನ ಆರುನೂರು ಸಾಲು ನನ್ನದು. ಸಂಬಳವಿಲ್ಲ. ಆದರೆ ದೊಡ್ಡ ದೊಡ್ಡ ಡಿಗ್ರಿಯವರು ಆ ಆರುನೂರು ಸಾಲಿನ ವಿಷಯಕ್ಕೆ ನನ್ನ ಮಾತಿಗೆ ಕಾಯುತ್ತಾರೆ. ಅದು ನನಗೆ ಬೇಕಾಗಿತ್ತು. ಸುಳ್ಳು ಯಾಕೆ ಹೇಳಲಿ.

ಅಲ್ಲಿ ಒಂದು ಪದ್ಧತಿ ಇದೆ. ಕೋಡ್ ಬದಲಿಸಿದಾಗ ಕೊನೆಗೊಂದು ಸಾಲು ಬರೆಯಬೇಕು: ನಿಜವಾದ ಯಂತ್ರದಲ್ಲಿ ಓಡಿಸಿ ನೋಡಿದ್ದೇನೆ. ಯಾರೂ ಬಂದು ಪರೀಕ್ಷಿಸುವುದಿಲ್ಲ. ಬರೆದವರ ಮಾತೇ ಪ್ರಮಾಣ. ಒಂದು ವರ್ಷ ಯಾರೂ ಆ ಸಾಲು ಬರೆಯದಿದ್ದರೆ ಆ ಪ್ರೊಸೆಸರಿನ ಕೋಡನ್ನು ಕಿತ್ತುಹಾಕುತ್ತಾರೆ.

ಯಂತ್ರ ಸತ್ತ ವಾರ ನಾನು ಕಳಿಸಬೇಕಿದ್ದದ್ದು ಒಂದು ಟಿಪ್ಪಣಿಯ ತಿದ್ದುಪಡಿ, ಅಷ್ಟೇ. ಅದನ್ನು ಓಡಿಸಿ ನೋಡುವುದಕ್ಕೇನಿದೆ ಎಂದು ಆ ಸಾಲು ಬರೆದೆ. ಮುಂದಿನ ವಾರ ಯಂತ್ರ ರಿಪೇರಿ ಮಾಡಿಸೋಣ ಅಂದುಕೊಂಡೆ. ಆಮೇಲೆ ಎಮ್ಯುಲೇಟರ್‌ನಲ್ಲಿ ಓಡಿಸತೊಡಗಿದೆ. ಅದು ನನ್ನ ಲ್ಯಾಪ್‌ಟಾಪಿನೊಳಗೇ ಆ ಹಳೆಯ ಪ್ರೊಸೆಸರಿನ ವೇಷ ಹಾಕಿ ನಟಿಸುವ ಪ್ರೋಗ್ರಾಂ. ಚೆನ್ನಾಗಿಯೇ ನಟಿಸುತ್ತಿತ್ತು. ಹನ್ನೊಂದು ತಿಂಗಳಲ್ಲಿ ಹದಿನಾಲ್ಕು ಸಲ ಆ ಸಾಲು ಬರೆದೆ.

ಸಂಜೆ ಬಸ್ಸಿನಲ್ಲಿ ನಿಂತೇ ಆ ಹದಿನಾಲ್ಕನ್ನೂ ತೆಗೆದು ನೋಡಿದೆ. ಹದಿಮೂರು ನಿರುಪದ್ರವಿಗಳು. ಏಳು ವಾರದ ಹಿಂದಿನ ಒಂದು ಹಾಗಿರಲಿಲ್ಲ.

ಪ್ರೊಸೆಸರು ಪ್ರತಿ ಆದೇಶಕ್ಕೂ ದೂರದ ಮೆಮೊರಿಗೆ ಓಡುವುದಿಲ್ಲ. ಈಚೆಗೆ ಓದಿದ ಆದೇಶಗಳನ್ನು ತನ್ನ ಪಕ್ಕದಲ್ಲೇ ಒಂದು ಪುಟ್ಟ ನೆನಪಿನಲ್ಲಿ ಇಟ್ಟುಕೊಂಡಿರುತ್ತದೆ. ಕರ್ನಲ್ ಹೊಸ ಪ್ರೋಗ್ರಾಂ ತಂದಿಟ್ಟಾಗ, ನಿನ್ನ ಹತ್ತಿರ ಇರುವುದೆಲ್ಲ ಹಳತು, ಮರೆತುಬಿಡು ಎಂದು ಅದಕ್ಕೆ ಹೇಳಬೇಕು. ಹೇಳದಿದ್ದರೆ ಹೊಸ ಪ್ರೋಗ್ರಾಂನ ಜಾಗದಲ್ಲಿ ಹಳೆಯದರ ಆದೇಶಗಳನ್ನು ನಡೆಸಲು ಹೋಗಿ ಮುಗ್ಗರಿಸುತ್ತದೆ. ನನ್ನ ಆರುನೂರು ಸಾಲಿನಲ್ಲಿ ‘ಮರೆತುಬಿಡು’ ಎನ್ನುವುದು ಎರಡು ಕಡೆ ಇತ್ತು, ಹದಿನೈದು ಸಾಲಿನ ಅಂತರದಲ್ಲಿ. ಎರಡನೆಯದು ದಂಡ ಅನ್ನಿಸಿತ್ತು; ಆ ನಡುವೆಯೂ ಪ್ರೋಗ್ರಾಂನ ಒಂದು ತುಂಡು ಬಂದು ಕೂರುತ್ತದೆಂದು ಹೊಳೆದಿರಲಿಲ್ಲ. ತೆಗೆದುಹಾಕಿದ್ದೆ. ಎಮ್ಯುಲೇಟರಿನಲ್ಲಿ ಎಲ್ಲ ಸರಿಯಾಗಿ ಓಡಿತು. ಓಡದೆ ಏನು, ಎಮ್ಯುಲೇಟರಿಗೆ ಆ ಪುಟ್ಟ ನೆನಪೇ ಇಲ್ಲ. ಇಲ್ಲದ್ದನ್ನು ಅದು ಮರೆಯುವ ಪ್ರಶ್ನೆ ಎಲ್ಲಿ ಬಂತು.

ಮನೆ ತಲುಪುವ ಮೊದಲೇ ಕರ್ನಲ್‌ನ ಮುಖ್ಯಸ್ಥರಿಗೆ ಬರೆದೆ. ನಾವೆಲ್ಲ ಅವರನ್ನು ಬೆನ್ನ ಹಿಂದೆ ಯಜಮಾನರು ಅನ್ನುತ್ತೇವೆ. ಒಂದು ಸಾಲನ್ನು ವಾಪಸ್ ಹಾಕಬೇಕಿದೆ, ಒಬ್ಬರು ದೂರು ಕೊಟ್ಟಿದ್ದಾರೆ ಎಂದು ಆಪರೇಟರಿನ ಪತ್ರವನ್ನೂ ಜೊತೆಗೆ ಕಳಿಸಿದೆ. ಯಾಕೆ ತೆಗೆದೆ, ಹೇಗೆ ತೆಗೆದೆ ಎನ್ನಲಿಲ್ಲ. ಹತ್ತು ನಿಮಿಷಕ್ಕೆ ಉತ್ತರ ಬಂತು.

“ಬಿಡುಗಡೆಗೆ ನಾಲ್ಕು ದಿನ ಇದೆ. ಕೊನೆಯ ವಾರದಲ್ಲಿ ಸುಮ್ಮನೆ ಏನನ್ನೂ ಮುಟ್ಟಲ್ಲ, ನಿಮಗೆ ಗೊತ್ತು. ದೂರು ಕೊಟ್ಟವರ ಬೋರ್ಡೇ ಕೆಟ್ಟಿರಬಹುದು ಅಂತ ಪ್ಯಾನೆಲ್ ಕಂಪನಿ ಹೇಳ್ತಿದೆ. ನಿಮ್ಮ ಯಂತ್ರದಲ್ಲಿ ತಪ್ಪಾಗೋದನ್ನ ತೋರಿಸಿ, ತಗೋತೀನಿ. ಶನಿವಾರ ಸಂಜೆಯೊಳಗೆ.”

ನಿಮ್ಮ ಯಂತ್ರದಲ್ಲಿ ಎಂಬ ಮಾತನ್ನು ಮೂರು ಸಲ ಓದಿದೆ.

ಗುರುವಾರ ಊಟದ ಹೊತ್ತಿಗೆ ಆಪರೇಟರಿಗೆ ಫೋನ್ ಮಾಡಿದೆ. ಹಿಂದೆ ಪಂಪಿನ ಸದ್ದು ಮೊರೆಯುತ್ತಿತ್ತು.

“ನೀವೇನಾ ಮೇಡಂ? ನಾನು ಯಾರೋ ವಯಸ್ಸಾದ ಗಂಡಸರು ಅಂದ್ಕೊಂಡಿದ್ದೆ.”

“ಎಲ್ಲರೂ ಹಾಗೇ ಅಂದ್ಕೋತಾರೆ. ನಿಮ್ಮ ಪ್ಯಾನೆಲ್ ವಿಷಯ…”

“ಒಂದೇ ಮಾತು ಹೇಳಿ ಸಾಕು. ನಿಮ್ಮಲ್ಲಿ ಓಡ್ತಲ್ವಾ?”

ಒಳಗೆ ಲ್ಯಾಬಿನಲ್ಲಿ ಯಾರೋ ಪಾಲಿಶ್ ಮೋಟಾರು ಹಾಕಿದರು. ಎದ್ದು ಬಾಗಿಲು ಎಳೆದುಕೊಂಡೆ.

“ಇನ್ನೊಂದ್ಸಲ ನೋಡಿ ಹೇಳ್ತೀನಿ,” ಎಂದೆ.

“ಓಡಿದ್ರೆ ಓಡ್ತು ಅಂತಾನೇ ಹೇಳಿ ಮೇಡಂ, ನಂಗೇನು ಬೇಜಾರಿಲ್ಲ. ನಂದೇ ತಪ್ಪಾದ್ರೆ ನಂದೇ. ಹದಿನೆಂಟು ವರ್ಷದಿಂದ ಸೋಲ್ಡರಿಂಗ್ ಮಾಡ್ತಿದೀನಿ, ಕೈ ಕೆಟ್ಟಿಲ್ಲ ಅಂದ್ಕೊಂಡಿದ್ದೆ. ಈಗ ಅನುಮಾನ ಬರ್ತಿದೆ. ನಂದು ಬಿಡಿ. ಭಾನುವಾರ ಹೊಸದು ಬಂದ್ರೆ ಹನ್ನೆರಡು ಪ್ಯಾನೆಲ್ಲೂ ತಾವಾಗೇ ಎಳ್ಕೊಂಡ್‌ಬಿಡ್ತವೆ. ಗಂಟೆಗೊಂದ್ಸಲ ಆ ಪ್ರೋಗ್ರಾಂ ಹೊಸದಾಗಿ ಏಳ್ಬೇಕು. ಏಳ್ದಿದ್ರೆ ಅಲಾರಾಂ ಆಗತ್ತೆ, ನಾವೇ ಓಡಿಹೋಗಿ ಕೈಯಲ್ಲಿ ವಾಲ್ವ್ ತಿರುಗಿಸ್ಬೇಕು. ಇರೋದು ಇಬ್ರು. ಸೋಮವಾರದಿಂದ ಒಬ್ರೇನೋ.”

ಭಾವ ಲಿಫ್ಟ್ ಮೆಕ್ಯಾನಿಕ್. ಅಕ್ಕ, ಭಾವ, ನಾನು ಅಜ್ಜಿ ಎಂದು ಕರೆಯುವ ಭಾವನ ತಾಯಿ, ನಾನು, ಇಷ್ಟು ಜನ ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಇದ್ದೇವೆ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಆ ಜೋಕನ್ನು ಎಲ್ಲರೂ ಮಾಡಿ ಮುಗಿಸಿದ್ದಾರೆ. ಅವತ್ತು ಸಂಜೆ ಭಾವ ಶೂ ಬಿಚ್ಚುವಷ್ಟರಲ್ಲಿ ನಾನು ಯಂತ್ರವನ್ನು ಮಂಚದ ಕೆಳಗಿಂದ ಎಳೆದು ಊಟದ ಮೇಜಿನ ಮೇಲೆ ಇಟ್ಟಿದ್ದೆ.

“ಏನಮ್ಮಾ ಇದು, ಹೆಣ?”

“ಪವರ್ ಸಪ್ಲೈ ಹೋಗಿದೆ ಭಾವ. ಶನಿವಾರದೊಳಗೆ ಎದ್ದೇಳ್ಬೇಕು.”

ಭಾವ ಮುಚ್ಚಳ ಬಿಚ್ಚಿ ಮೂಗು ಹತ್ತಿರ ಇಟ್ಟು ಮೂಸಿದರು. ಒಳಗೆ ನಾಲ್ಕು ಕೆಪಾಸಿಟರುಗಳ ತಲೆ ಉಬ್ಬಿತ್ತು. ಒಂದರ ಬುಡದಲ್ಲಿ ಕಂದು ಅಂಟು ಒಣಗಿತ್ತು.

“ಇದು ನಿನ್ನೆ ಮೊನ್ನೆ ಹೋಗಿದ್ದಲ್ಲ. ಯಾವಾಗ ಸತ್ತಿದ್ದು?”

“ಹನ್ನೊಂದು ತಿಂಗಳಾಯ್ತು.”

“ಮತ್ತೆ ವಾರ ವಾರ ಟೆಸ್ಟಿಂಗ್ ಇದೆ ಅಂತ ಬಾಗಿಲು ಹಾಕ್ಕೋತಿದ್ಯಲ್ಲೇ?”

ಅಡುಗೆಮನೆಯಿಂದ ಅಕ್ಕ ಇಣುಕಿದಳು. ನಾನು ಸ್ಕ್ರೂಗಳನ್ನು ಒಂದು ಬಟ್ಟಲಿಗೆ ಹಾಕತೊಡಗಿದೆ.

“ನಾನು ಲಿಫ್ಟಿನ ಚೆಕಿಂಗ್ ಕಾರ್ಡಿಗೆ ಸಹಿ ಹಾಕೋಕ್ಮುಂಚೆ ನಾನೇ ಮೇಲಿಂದ ಕೆಳಗೆ ಹತ್ತಿಳೀಬೇಕು,” ಎಂದರು ಭಾವ.

“ಯಾವಾಗ್ಲೂ ಹತ್ತಿಳೀತೀರಾ?”

ಭಾವ ನನ್ನನ್ನು ನೋಡಲಿಲ್ಲ. “ಬಾಯಿ ಮುಚ್ಕೊಂಡು ಟಾರ್ಚ್ ಹಿಡಿ.”

ಅಷ್ಟರಲ್ಲಿ ಅಜ್ಜಿ ತನ್ನ ಹಲ್ಲಿನ ಸೆಟ್ಟನ್ನು ಲೋಟದಲ್ಲಿ ಹಾಕಿಕೊಂಡು ಬಂದು ನನ್ನ ಮುಂದೆ ಕುಕ್ಕಿತು. ತಿಂಗಳ ಹಿಂದೆ ನಾನೇ ಮಾಡಿಕೊಟ್ಟ ಸೆಟ್.

“ಬಲಗಡೆ ಚುಚ್ಚತ್ತೆ ಅಂತ ಹದಿನೈದು ದಿನದಿಂದ ಬಡ್ಕೊಳ್ತಾ ಇದೀನಿ. ಕಿವಿ ಎಲ್ಲಿಟ್ಟಿದೀಯ?”

“ಅಜ್ಜಿ, ಅಚ್ಚಿನ ಮೇಲೆ ಕೂರಿಸಿ ನೋಡಿದೆನಲ್ಲ. ಕೂದಲೆಳೆ ವ್ಯತ್ಯಾಸ ಇಲ್ಲ. ಅಚ್ಚಿಗೆ ಸರಿಯಾಗಿ ಕೂತಿದೆ.”

“ಹಾಗಾದ್ರೆ ಅಚ್ಚಿಗೇ ಊಟಕ್ಕಿಡು. ನಾನು ಗಂಜಿ ಕುಡೀತೀನಿ.”

ಭಾವ ಸೋಲ್ಡರಿಂಗ್ ಕಡ್ಡಿ ಹಿಡಿದುಕೊಂಡೇ ನಕ್ಕರು. ನನಗೆ ನಗು ಬರಲಿಲ್ಲ.

ಶುಕ್ರವಾರ ಭಾವ ಕೆಲಸದಿಂದ ಬರುವಾಗ ಎಲ್ಲಿಂದಲೋ ನಾಲ್ಕು ಕೆಪಾಸಿಟರ್ ತಂದರು. ಯಾವ ಲಿಫ್ಟಿನದು ಎಂದು ನಾನು ಕೇಳಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಯಂತ್ರಕ್ಕೆ ಪ್ಲಗ್ ಹಾಕಿದೆವು. ಫ್ಯಾನು ಒಮ್ಮೆ ತಡವರಿಸಿ ತಿರುಗಿತು. ಸುಟ್ಟ ಧೂಳಿನ ವಾಸನೆ ಬಂತು. ಪರದೆಯ ಮೇಲೆ ಹಸಿರು ಅಕ್ಷರಗಳು ಸಾಲುಸಾಲಾಗಿ ಇಳಿದವು. ಭಾವ ಕೈ ಒರೆಸಿಕೊಂಡು, “ಹೆಣ ಎದ್ದಿದೆ, ನೀನುಂಟು ಅದುಂಟು,” ಎಂದು ಹೊರಟರು.

ಆಪರೇಟರ್ ಕಳಿಸಿದ್ದ ಕ್ಲೋರಿನ್ ಪ್ರೋಗ್ರಾಂನ ಪ್ರತಿ ನನ್ನಲ್ಲಿತ್ತು. ಸಾಲು ತೆಗೆದುಹಾಕಿದ ಹೊಸ ಕರ್ನಲ್‌ನ ಮೇಲೆ ಅದನ್ನು ಶುರು ಮಾಡಿದೆ. ಓಡಿತು. ನಿಲ್ಲಿಸಿ ಮತ್ತೆ ಶುರು ಮಾಡಿದೆ. ಓಡಿತು. ಹತ್ತು ಸಲ, ಇಪ್ಪತ್ತು ಸಲ. ನಲವತ್ತನೇ ಸಲಕ್ಕೂ ಸಲೀಸಾಗಿ ಓಡಿತು.

ಸಂತೋಷವಾಯಿತು. ಈ ಮಾತನ್ನು ಮುಚ್ಚಿಡುವುದಿಲ್ಲ. ಸಾಲು ದಂಡವೇ ಆಗಿತ್ತು, ತೆಗೆದದ್ದು ಸರಿ, ಆ ಮನುಷ್ಯನ ಕೆಪಾಸಿಟರೇ ಕೆಟ್ಟದ್ದು. ಅದಕ್ಕಿಂತ ದೊಡ್ಡ ಸಂತೋಷ ಇನ್ನೊಂದಿತ್ತು: ನಾನು ಬರೆದ ಸಾಲು ಈಗ ನಿಜವಾಗಿತ್ತು. ಏಳು ವಾರ ತಡವಾಗಿ, ಆದರೂ ನಿಜ. ಯಾರು ತಾರೀಖು ಕೇಳುತ್ತಾರೆ? ಆಪರೇಟರಿಗೆ ಬರೆಯಲು ಕೂತೆ. “ನನ್ನ ಯಂತ್ರದಲ್ಲಿ ನಲವತ್ತು ಸಲ ಓಡಿಸಿ ನೋಡಿದ್ದೇನೆ. ಒಮ್ಮೆಯೂ…”

ಅಜ್ಜಿ ಬಾಗಿಲಲ್ಲಿ ನಿಂತು ಬಲಗೆನ್ನೆ ಒತ್ತಿಕೊಳ್ಳುತ್ತಿತ್ತು.

“ಬಾ ಅಜ್ಜಿ, ನೋಡೋಣ,” ಎಂದೆ. ಒಳ್ಳೆಯವಳಾಗುವ ಹುಮ್ಮಸ್ಸಿನಲ್ಲಿದ್ದೆ. ಕಿಟಕಿಯ ಬೆಳಕಿಗೆ ಕೂರಿಸಿ ಸೆಟ್ ಹಾಕಿಸಿದೆ. “ಕಚ್ಚು. ಚುಚ್ಚತ್ತಾ?”

“ಇಲ್ಲ.”

“ಮತ್ತೆ?”

“ಸುಮ್ನೆ ಕಚ್ಚಿದ್ರೆ ಯಾವತ್ತೂ ಚುಚ್ಚಿಲ್ಲ. ಆ ಕಡೆ ಅಗಿದು ಈ ಕಡೆ ಹೊರಳಿಸ್ತೀನಲ್ಲ, ಆಗ ಚುಚ್ಚತ್ತೆ. ಬರೀ ಕಚ್ಚೋಕೆ ನಾನೇನು ನಾಯಿನಾ?”

ಒಂದು ತುಂಡು ಬ್ರೆಡ್ ಕೊಟ್ಟೆ. ಎಡಗಡೆ ಅಗಿದು ಬಲಕ್ಕೆ ಹೊರಳಿಸುವಾಗ ಸೆಟ್ಟಿನ ಅಂಚು ಒಸಡಿಗೆ ಒತ್ತುವುದು ಕಣ್ಣಿಗೇ ಕಂಡಿತು. ಅಚ್ಚಿನ ಮೇಲೆ ಅದು ಎಂದೂ ಕಾಣುತ್ತಿರಲಿಲ್ಲ. ಅಂಚನ್ನು ಅರದಿಂದ ಉಜ್ಜುತ್ತಿರುವಾಗ ನನ್ನ ಕೈ ನಿಂತಿತು.

ನಾನು ಬೆಳಿಗ್ಗೆಯಿಂದ ಬರೀ ಕಚ್ಚಿಸುತ್ತಿದ್ದೆ. ಒಂದೇ ಪ್ರೋಗ್ರಾಂ, ಮತ್ತೆ ಮತ್ತೆ. ಆ ಪುಟ್ಟ ನೆನಪಿನಲ್ಲಿ ಹಳೆಯ ಆದೇಶಗಳು ಉಳಿದಿದ್ದರೂ ಅವು ಇದೇ ಪ್ರೋಗ್ರಾಂನವು. ಹಳತೂ ಹೊಸತೂ ಒಂದೇ ಆದಾಗ ತಪ್ಪು ಕಾಣುವುದು ಹೇಗೆ?

“ಅರ್ಧಕ್ಕೇ ಯಾಕೆ ಬಿಟ್ಟೆ?” ಎಂದಿತು ಅಜ್ಜಿ.

ಆಪರೇಟರಿಗೆ ಫೋನ್ ಮಾಡಿದೆ. “ಆ ಪ್ಯಾನೆಲ್‌ನಲ್ಲಿ ಕ್ಲೋರಿನ್ ಪ್ರೋಗ್ರಾಂ ಬಿಟ್ಟು ಬೇರೆ ಏನಾದ್ರೂ ಓಡತ್ತಾ?”

“ಒಂದು ಸಣ್ಣದಿದೆ. ಗಂಟೆಗೊಂದ್ಸಲ ನೀರಿನ ಮಟ್ಟ ಬರ್ಕೊಳ್ಳತ್ತೆ. ಅದು ಮುಗಿದ್ಮೇಲೇ ಕ್ಲೋರಿನಿನದು ಏಳೋದು. ಯಾಕೆ ಮೇಡಂ?”

“ಅದನ್ನೂ ಕಳಿಸಿ. ಈಗ್ಲೇ.”

ಹನ್ನೆರಡೂವರೆಗೆ ಬಂತು. ಒಂದಾದ ಮೇಲೊಂದರಂತೆ ಎರಡನ್ನೂ ಓಡಿಸಿದೆ. ಮೂರು ಸಲ ಸರಿಯಾಗಿತ್ತು. ನಾಲ್ಕನೇ ಸಲ ಕ್ಲೋರಿನ್ ಪ್ರೋಗ್ರಾಂ ಎದ್ದ ಮರುಕ್ಷಣವೇ ಸತ್ತಿತು. ನಲವತ್ತರಲ್ಲಿ ಹನ್ನೊಂದು ಸಲ ಹಾಗೇ ಆಯಿತು. ತೆಗೆದ ಸಾಲನ್ನು ವಾಪಸ್ ಹಾಕಿ ನಲವತ್ತು ಸಲ ಓಡಿಸಿದೆ. ಒಮ್ಮೆಯೂ ಸಾಯಲಿಲ್ಲ.

ಆಪರೇಟರಿನ ಕೈ ಕೆಟ್ಟಿರಲಿಲ್ಲ.

ಇಷ್ಟನ್ನು ಯಜಮಾನರಿಗೆ ಬರೆಯುವುದು ಸುಲಭ. ಬರೆದೆ: ಎರಡು ಪ್ರೋಗ್ರಾಂ ಸರದಿಯಲ್ಲಿ ಓಡಿಸಿದಾಗ ತಪ್ಪು ಕಾಣುತ್ತದೆ, ಸಾಲನ್ನು ವಾಪಸ್ ಹಾಕಿದ್ದೇನೆ, ನಿಜವಾದ ಯಂತ್ರದಲ್ಲಿ ಓಡಿಸಿ ನೋಡಿದ್ದೇನೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಎಲ್ಲರಿಂದಲೂ ತಪ್ಪಾಗುತ್ತದೆ, ಪರೀಕ್ಷೆಯಲ್ಲಿ ಸಿಕ್ಕಿರಲಿಲ್ಲ ಅಂದುಕೊಳ್ಳುತ್ತಾರೆ. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ಕೂತೆ. ಗಂಟೆ ಮೂರಾಗಿತ್ತು.

ಆದರೆ ವಿಚಾರಣೆಯಲ್ಲಿ ಇಡುವ ಕಾಗದ ಇದಲ್ಲ. ಅಲ್ಲಿ ಇಡುವುದು ಏಳು ವಾರದ ಹಿಂದಿನ ನನ್ನ ಸಾಲು. ಆಗ ಓಡಿತ್ತು ಅಂದಮೇಲೆ, ಸರದಿಯೋ ಗಿರದಿಯೋ, ಬೋರ್ಡ್ ಕೆಡಿಸಿದವನು ನೀನೇ ಎಂದು ಕಂಪನಿಯವರು ಕೂತಲ್ಲಿಂದಲೇ ಹೇಳುತ್ತಾರೆ. ಅವನು ಆಮೇಲೂ ತನ್ನ ಕೈಯನ್ನೇ ನೋಡಿಕೊಂಡು ಕೂರುತ್ತಾನೆ.

ಅಡುಗೆಮನೆಗೆ ಹೋಗಿ ನೀರು ಕುಡಿದೆ. ನಲ್ಲಿಯ ನೀರು. ಅದರಲ್ಲಿ ಕ್ಲೋರಿನ್ ವಾಸನೆ ಇದೆ ಎಂದು ಅವತ್ತೇ ಗಮನಿಸಿದ್ದು.

“ಏನಾಗಿದೆ ನಿಂಗೆ?” ಎಂದಳು ಅಕ್ಕ. “ಮೂರು ದಿನದಿಂದ ಮುಖ ಇಷ್ಟು ಮಾಡ್ಕೊಂಡಿದೀಯ.”

“ಒಂದು ಕಡೆ ಹೆಸರಿತ್ತು. ತೆಗೆಸ್ಕೋಬೇಕು.”

“ಯಾರು ತೆಗೆಸ್ಕೋ ಅಂದ್ರು?”

“ಯಾರೂ ಅನ್ಲಿಲ್ಲ. ಅದೇ ಕಷ್ಟ.”

ಅಕ್ಕನಿಗೆ ಅರ್ಥವಾಗಲಿಲ್ಲ. ಅವಳ ಬೆರಳುಗಳು ಬಟಾಣಿ ಸಿಪ್ಪೆಯ ಮೇಲೆ ನಿಂತಿದ್ದವು. “ಸಂಬಳ ಇಲ್ಲದ್ದಕ್ಕೆ ಇಷ್ಟು ಒದ್ದಾಡ್ತೀಯಲ್ಲೇ,” ಎಂದು ಸಿಪ್ಪೆ ಬಿಡಿಸತೊಡಗಿದಳು.

ವಾಪಸ್ ಬಂದು ಕೆಳಗೆ ಸೇರಿಸಿದೆ: “ನನ್ನ ಯಂತ್ರ ಹನ್ನೊಂದು ತಿಂಗಳಿಂದ ಸತ್ತಿತ್ತು. ಈ ಸಾಲನ್ನು ತೆಗೆದ ತಿದ್ದುಪಡಿಯನ್ನು ನಿಜವಾದ ಯಂತ್ರದಲ್ಲಿ ಓಡಿಸಿರಲಿಲ್ಲ. ಓಡಿಸಿದ್ದೇನೆ ಎಂದು ಬರೆದದ್ದು ಸುಳ್ಳು. ಅದರ ಜೊತೆ ಇನ್ನೂ ಹದಿಮೂರರಲ್ಲಿ ಹಾಗೇ ಬರೆದಿದ್ದೇನೆ, ಪಟ್ಟಿ ಕೆಳಗಿದೆ. ದೂರು ಕೊಟ್ಟವರ ಬೋರ್ಡಿನಲ್ಲಿ ದೋಷವಿಲ್ಲ.” ಎಲ್ಲರೂ ಓದುವ ಗುಂಪಿಗೇ ಕಳಿಸಿದೆ. ಆಪರೇಟರಿಗೂ ಒಂದು ಪ್ರತಿ ಹೋಯಿತು.

ಎರಡು ಗಂಟೆ ಅಜ್ಜಿಯ ಸೆಟ್ಟಿನ ಅಂಚು ಉಜ್ಜಿದೆ. ಉಜ್ಜುವುದು, ಬಾಯಿಗೆ ಹಾಕಿಸುವುದು, ಬ್ರೆಡ್ ಕೊಡುವುದು, ತೆಗೆಯುವುದು. ಅರ್ಧ ಬ್ರೆಡ್ ಮುಗಿಯಿತು.

ಐದೂವರೆಗೆ ಯಜಮಾನರ ಉತ್ತರ ಬಂತು. ಬೈಗುಳಕ್ಕೆ ಸಿದ್ಧವಾಗಿದ್ದೆ. ಬೈಗುಳವಿರಲಿಲ್ಲ, ಅದಕ್ಕಿಂತ ಕೆಟ್ಟದಾಗಿತ್ತು. “ತಿದ್ದುಪಡಿ ತಗೊಂಡಿದ್ದೇನೆ. ನಾಳೆಯ ಬಿಡುಗಡೆಯಲ್ಲಿ ಇರುತ್ತದೆ. ಮೇಂಟೇನರ್ ಪಟ್ಟಿಯಿಂದ ನಿಮ್ಮ ಹೆಸರು ತೆಗೆದಿದ್ದೇನೆ. ಉಳಿದ ಹದಿಮೂರನ್ನು ಯಾರಾದರೂ ನೋಡಬೇಕು. ಈ ಪ್ರೊಸೆಸರಿಗೆ ಈಗ ಯಾರೂ ಇಲ್ಲ. ಒಂದು ವರ್ಷದೊಳಗೆ ಯಾರೂ ಮುಂದೆ ಬರದಿದ್ದರೆ ಕಿತ್ತುಹಾಕುತ್ತೇವೆ.” ಪಟ್ಟಿಯನ್ನು ತೆರೆದು ನೋಡಿದೆ. ನನ್ನ ಹೆಸರಿದ್ದ ಕಡೆ ‘ಯಾರೂ ಇಲ್ಲ’ ಎಂದಿತ್ತು.

ಸೋಮವಾರ ಇಡೀ ದಿನ ಫೋನನ್ನು ಏಪ್ರನ್ ಜೇಬಿನಲ್ಲಿ ಇಟ್ಟುಕೊಂಡೇ ಕೆಲಸ ಮಾಡಿದೆ. ಎರಡು ಅಚ್ಚು ಒಡೆದೆ. ಮೂರು ಗಂಟೆಗೆ ಫೋನು ನಡುಗಿತು. ಹಿಂದಿನ ಮೆಟ್ಟಿಲಿಗೆ ಹೋದೆ.

“ವಿಚಾರಣೆ ಕೈಬಿಟ್ರು,” ಎಂದರು ಆಪರೇಟರ್. “ಕೇಳದೆ ಕೈ ಹಾಕಿದ್ದಕ್ಕೆ ಒಂದು ನೋಟೀಸು ಕೊಟ್ರು, ಅಷ್ಟೆ.”

“ಪ್ಯಾನೆಲ್‌ಗಳು?”

“ನಿನ್ನೆ ರಾತ್ರೀನೇ ಹನ್ನೆರಡು ಪ್ಯಾನೆಲ್‌ಗೂ ಹೊಸದು ಬಂದಿದೆ. ಒಂದೂ ತಪ್ಪಿಲ್ಲ. ಹನ್ನೊಂದು ತಿಂಗಳು ಸುಮ್ ಸುಮ್ನೆ ಬರೀತಿದ್ರಾ ಮೇಡಂ?”

“ಹೌದು.”

“ನಾನು ನಾಲ್ಕು ದಿನ ನಿದ್ದೆ ಮಾಡಿಲ್ಲ.”

ಕ್ಷಮೆ ಕೇಳಿದೆ.

“ಕಂಪನಿಯವ್ರು ಈಗ ಇನ್ನೊಂದು ರಾಗ ತೆಗ್ದಿದಾರೆ,” ಎಂದರು ಆಮೇಲೆ. “ಈ ಪ್ರೊಸೆಸರ್‌ನ ನೋಡ್ಕೊಳ್ಳೋರೇ ಇಲ್ವಂತೆ, ಮುಂದಿನ ವರ್ಷಕ್ಕೆ ಹನ್ನೆರಡೂ ಪ್ಯಾನೆಲ್ ಎಸೀರಿ ಅಂತ. ನೀವು ಬಾಯ್ಮುಚ್ಕೊಂಡು ಸರಿ ಮಾಡಿದ್ರೆ ಅವು ಉಳೀತಿದ್ವಲ್ಲ.”

“ನೀವು ಉಳೀತಿರ್ಲಿಲ್ಲ.”

“ಅದೂ ನಿಜ.” ಅವರು ಎಲ್ಲೋ ನಡೆದುಕೊಂಡು ಹೋಗುತ್ತಿದ್ದರು, ಕಬ್ಬಿಣದ ಜಾಲರಿಯ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಒಂದು ಬಾಗಿಲು ಮುಚ್ಚಿತು, ಪಂಪಿನ ಮೊರೆತ ದೂರವಾಯಿತು. “ಆ ಪಟ್ಟೀಲಿ ಹೆಸರು ಹಾಕ್ಸೋಕೆ ಡಿಗ್ರಿ ಗಿಗ್ರಿ ಬೇಕಾ?”

“ಬೇಡ. ನಂಗಿಲ್ಲ.”

“ನನ್ ಹತ್ರ ಸ್ಪೇರ್ ಪ್ಯಾನೆಲ್ ಇದೆ. ಕೋಡ್ ಗೀಡ್ ನಂಗೆ ಬರಲ್ಲ, ಈಗ್ಲೇ ಹೇಳ್ಬಿಡ್ತೀನಿ.”

“ಕೋಡ್ ನಾನು ಓದಿ ಹೇಳ್ಕೊಡ್ತೀನಿ. ಆ ಹದಿಮೂರರಿಂದಾನೇ ಶುರು ಮಾಡೋಣ. ಅಲ್ಲಿ ನನ್ನ ಮಾತು ನಡೆಯಲ್ಲ ಈಗ, ನಿಮ್ಮದು ನಡೆಯತ್ತೆ.”

“ನಾನೇನ್ ಮಾಡ್ಬೇಕು?”

“ಒಂದು ಸಾಲು ಬರೀಬೇಕು, ಅಷ್ಟೆ,” ಎಂದೆ. “ಓಡ್ಸಿದ್ಮೇಲೆ ಬರೀರಿ.”